ಕೇಳಿಸಿಕೊಂಡವರು

ಹಾಸನದ ಸಾಲಗಾಮೆ ರಸ್ತೆ, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಆಕಾಶನೌಕೆಯ ಕಥೆಯೊಂದರ ದೇವರನ್ನು
ಕತ್ತಿ, ಮಂತ್ರಗಳ ನಮ್ಮ ಆಟಕ್ಕೆ ಇಳಿಸುತ್ತಿದ್ದೆ.
ಅಲ್ಲಿ ಅದು ಕಕ್ಷೆಯಲ್ಲಿ ಯಾರೋ ಮರೆತ ಯಂತ್ರ,
ಮಿಂಚು ತೋರಿಸಿ ಕೆಳಗಿನವರಿಂದ ಕಾಳು ವಸೂಲಿ ಮಾಡುತ್ತಿತ್ತು.
ಯಂತ್ರ ಎಂಬಲ್ಲಿ ರಬ್ಬರು ಉಜ್ಜಿ
ಏಳನೆಯ ಚಂದ್ರ ಎಂದು ಬರೆದೆ.
ಬ್ಯಾಟರಿ ಇದ್ದಲ್ಲಿ, ಹರಕೆ.
ಸುಳ್ಳು ಎಂಬುದನ್ನು ಹಾಗೇ ಬಿಟ್ಟೆ.

"ನಿಜದ ದೇವರುಗಳ ಪಕ್ಕ ಇದನ್ನೆಲ್ಲಿ ಕೂರಿಸ್ತೀಯ?"
ತೌಫೀಕನ ತಕರಾರು.
ಧರಣೇಂದ್ರ ಚುರುಮುರಿ ಜಗಿಯುತ್ತ ಅಂದ:
"ನಮ್ಮಲ್ಲಿ ದೇವತೆಗಳಿಗೂ ಆಯಸ್ಸು ಮುಗಿಯುತ್ತೆ ಮಾರಾಯ.
ಸಾಯೋದೊಂದು ಬರೆ, ಸಾಕು."

ಬರೆದೆ.

ಮೂರನೇ ಶನಿವಾರ ಲವೀನಾಳ ವೈದ್ಯೆ
ಬಾಣ ನೆಟ್ಟ ಕುದುರೆಯಾಳನ್ನು ಮಡಿಲಲ್ಲಿಟ್ಟುಕೊಂಡು
ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಕರೆದಳು.
ನಿಯಮದ ಪ್ರಕಾರ ಏನೂ ಆಗಬಾರದು.
ದಾಳ ಪುಸ್ತಕದ ಅಂಚಿಗೆ ಬಡಿದು, ತಿರುಗಿ,
ಇಪ್ಪತ್ತು.

ಎಲ್ಲರೂ ನನ್ನ ಮುಖ ನೋಡಿದರು.

ಆಳು ಉಸಿರೆಳೆದ, ಎಂದೆ.
ಕೇಳಿಸಿಕೊಂಡವರು ಎಂಬ ಕಾಲಂ
ಇನ್ನೂ ಖಾಲಿ.
ಮನೆಗೆ ಹೋಗುವಾಗ ಕಾಂಪೌಂಡಿನಾಚೆ ದೊಡ್ಡ ಡಿಶ್ಶುಗಳು
ಬೋಗುಣಿ ಹಿಡಿದವರಂತೆ ಮೇಲಕ್ಕೆ ನೋಡುತ್ತಿದ್ದವು,
ವಸೂಲಾದ ಕಾಳು ವಾಪಸು ಬೀಳುತ್ತದೇನೋ ಎಂದು.