ಲೂಸ್

ವಾಮಂಜೂರಿನ ಬೀಡಿ ಬ್ರಾಂಚಿನಲ್ಲಿ
ಅಮ್ಮ ಆ ಶಬ್ದವನ್ನು ಮೊದಲು ಕೇಳಿದ್ದು.
ಚೆಕ್ಕರ್ ಹೆಬ್ಬೆರಳಲ್ಲಿ ಕಟ್ಟನ್ನೊಮ್ಮೆ ಒತ್ತಿ
'ಲೂಸ್ ಉಂಟಲ್ಲ ವಾರಿಜಾ' ಎಂದು
ಇಪ್ಪತ್ತೈದನ್ನೂ ಮುರಿದು ಬುಟ್ಟಿಗೆ ಹಾಕಿದ.
ಹೊಗೆಸೊಪ್ಪು ಕಡಿಮೆಯೋ, ಸುತ್ತು ಸರಿಯಿಲ್ಲವೋ
ಅವಳು ಕೇಳಲಿಲ್ಲ. ಲೂಸ್ ಅಂದರೆ
ಲೆಕ್ಕಕ್ಕೆ ಸೇರದ್ದು ಅಂತ ತಿಳಿದುಕೊಂಡು
ಗುಡ್ಡೆ ಇಳಿದು ಮನೆಗೆ ಬಂದಳು.
ಮರುದಿನದಿಂದ ಅವಳ ಬೀಡಿ ಎಷ್ಟು ಬಿಗಿ ಅಂದರೆ
ಎಳೆಯುವವರ ಕೆನ್ನೆ ಒಳಗೆ ಹೋಗಬೇಕು.

ಸಡಿಲ ಎಂಬ ಮಾತು ನಮ್ಮಲ್ಲೇ ಇತ್ತು.
ಹಸುವಿನ ಹಗ್ಗಕ್ಕೆ, ಮುದುಕರ ಹಲ್ಲಿಗೆ,
ಜ್ವರ ಬಿಟ್ಟ ಮೇಲೆ ಬಳೆಗೆ.
ಅದಕ್ಕೆ ಯಾರನ್ನೂ ನೋಯಿಸಿ ಗೊತ್ತಿರಲಿಲ್ಲ.

ಲೂಸ್ ಹಾಗಲ್ಲ. ಕೆಲಸ ಹುಡುಕಿಕೊಂಡು ಬಂದದ್ದು,
ಸಿಕ್ಕಿದ್ದೆಲ್ಲ ಮಾಡಿತು.
ಹಸನಬ್ಬರ ಅಂಗಡಿಯಲ್ಲಿ ಎಣ್ಣೆ ಅಳೆಯಿತು, ಚಾಪುಡಿ ಕಟ್ಟಿತು.
ಬಸ್ಸಿನ ಹಿಂದಿನ ಸೀಟಿನಡಿ ಬೋಲ್ಟಾಗಿ ಅಲ್ಲಾಡಿತು.
ಗೋಳಿಬಜೆಯ ಹಿಟ್ಟಿಗೆ ನೀರು ಹೆಚ್ಚಾದರೂ ಅದೇ,
ಮಾವಿನಹಣ್ಣು ತಿಂದ ಮಕ್ಕಳ ಹೊಟ್ಟೆಗೂ ಅದೇ.
ಒಂದು ದಿನ ಶಾಲೆಯ ಕಂಪೌಂಡಿನ ಮೇಲೆ
ಇದ್ದಿಲಲ್ಲಿ ಬಂದು ಕೂತಿತು,
ಸಂಜೀವ ಮಾಮನ ಹೆಸರಿನ ಎದುರು.

ಮಾಮನಿಗೆ ಎಂತದೂ ಇರಲಿಲ್ಲ.
ಎರಡು ಸಲ ಹೇಳಬೇಕಿತ್ತು, ಅಷ್ಟೆ.
ಬಸ್ಸು ಕಂಡರೆ
ಯಾರೂ ಗುರ್ತದವರು ಇಲ್ಲದಿದ್ದರೂ ಕೈಬೀಸುತ್ತಿದ್ದ.
ಅಮ್ಮ ಚೆಂಡಿ ಬಟ್ಟೆ ತಕ್ಕೊಂಡು ಹೋಗಿ ಗೋಡೆ ಉಜ್ಜಿದಳು.
ಹೆಸರು ಹೋಯಿತು. ಲೂಸ್ ಉಳಿಯಿತು,
ಯಾರದ್ದೂ ಆಗಬಹುದಾದ ಹಾಗೆ.

ಈಗ ನನ್ನ ಮಗಳು ಪ್ರತೀಕ್ಷಾ
ಫೋನಿನಲ್ಲಿ ಯಾರಿಗೋ 'ಹೋಗೋ ಲೂಸು' ಅನ್ನುತ್ತಾಳೆ.
ಆ 'ಲೂ' ಎಷ್ಟು ಉದ್ದ ಅಂದರೆ
ಆಚೆಯವ ಅದರೊಳಗೆ ಒಂದು ನಿದ್ದೆ ತೆಗೆಯಬಹುದು.
ತಡ್ಪೆಯ ಮೇಲೆ ಅಮ್ಮನ ಬೆರಳು ನಿಂತಿತು.
'ಯಾರಿಗೆ ನೀನು ಹಾಗೆ ಹೇಳುವುದು?'
'ಅದು ಬೈಗುಳ ಅಲ್ಲ ಅಜ್ಜಿ. ಇಷ್ಟ ಇದ್ದವರಿಗೆ ಹೇಳುವುದು.'
ಅಮ್ಮ ನನ್ನ ಮುಖ ನೋಡಿದಳು,
ನಲವತ್ತು ವರ್ಷ ಇದನ್ನು ಯಾಕೆ ಮುಚ್ಚಿಟ್ಟೆ ಎಂಬಂತೆ.

ಆ ವಾರವೇ ಮಾಮನ ಅಂಗಿ ಬಟ್ಟೆ ಹಿಡಿದು
ಕುಲಶೇಖರದ ಟೈಲರ್ ಗ್ರೆಗರಿಯಲ್ಲಿಗೆ ಹೋದೆವು.
ಕಾಲರ್ ಹಿಡಿದರೆ ಮಾಮ ಗುಬ್ಬಿ ಕಿತ್ತೇ ಬಿಡುತ್ತಾನೆ.
ಕುತ್ತಿಗೆಗೆ ಟೇಪು ಸುತ್ತಿದ ಗ್ರೆಗರಿ.
ನೇತಾಡುವ ತುದಿಯ ನಂಬ್ರಗಳನ್ನು
ಮಾಮ ಒಂದೊಂದಾಗಿ ಓದುತ್ತ ನಿಂತ.
'ಹದಿನೈದೂವರೆ ಇಡುವುದಾ?'
ಅಮ್ಮ ಬಾಯಿ ತೆರೆದಳು. ಮುಚ್ಚಿದಳು.
ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.
ಮಾಮ ಕೈ ಎತ್ತಿದ, ಟೇಪೂ ಜತೆಗೆ ಎದ್ದಿತು.
'ಸ್ವಲ್ಪ,' ಅಂದಳು ಅಮ್ಮ,
'ಸ್ವಲ್ಪ ಲೂಸೇ ಇರಲಿ.'

ಗ್ರೆಗರಿ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು
ಪುಸ್ತಕದಲ್ಲಿ ಬರೆದುಕೊಂಡ: ಹದಿನಾರು.