ಯಾವ ಬಣ್ಣ, ಸರಿಯಾಗಿ ಹೇಳ್ರಿ

ರಾತ್ರಿ ಎರಡೂವರಿಗೆ ಹುಬ್ಬಳ್ಳಿಂದ ನದಾಫ ಸರ್ ಫೋನು:
ಹುಲಿಗೆವ್ವಾರ, ಮಲಗಿದ್ರೇನು?
ಇಲ್ರಿ ಅಂದೆ. ಮಲಗಿದ್ದೆ.
ಮೂಲ್ಯಾಗಿನ ಕಪಾಟದ ಮುಂದ ಹೋಗಿ ನಿಂದರ್ರಿ,
ಮ್ಯಾಲಿಂದ ಮೂರನೇ ಪೆಟ್ಟಿಗಿ.
ಏನೂ ಮುಟ್ಟಬ್ಯಾಡ್ರಿ,
ಬರೇ ನೋಡಿ ಹೇಳ್ರಿ.

ನಾಳೆ ಟೆಂಡರು. ಹೊರಗ ಬ್ಯಾಡಗಿ ಯಾರ್ಡಿನ ತುಂಬ
ಚೀಲದ ಮ್ಯಾಲ ಚೀಲ, ಚೀಲದ ಮ್ಯಾಲ ಮಲಗಿದ ಹಮಾಲರು,
ಎಲ್ಲಾ ಲಾಟಿನ ನಂಬರೂ ಈ ಪೆಟ್ಟಿಗಿ ಹೊಟ್ಟ್ಯಾಗ.
ಒಳಗ ಎಸಿ ಗಾಳಿ, ಅದರಾಗೂ ಘಾಟು.
ಸೀನಿದೆ. ಪೆಟ್ಟಿಗಿ ಸೀನಲಿಲ್ಲ,
ಫ್ಯಾನಿನ ದನಿ ಮಾತ್ರ ಒಂದು ಮೆಟ್ಟಲ ಏರಿತ್ತು.

ಹಸರು ಐತೇನ್ರಿ?
ಐತ್ರಿ, ಪವರ್ ಬಟನ್ನಿನ ಸುತ್ತ.
ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಒಮ್ಮೆ ಒತ್ತಿದ್ರ
ಎಲ್ಲಾರಿಗೂ ಹೇಳಿ, ಕದಾ ಹಾಕ್ಕೊಂಡು ಮಲಗತೈತಿ,
ಐದು ಎಣಿಸೂತನ ಒತ್ತಿ ಹಿಡದ್ರ
ಕುತ್ತಿಗಿ ಹಿಚುಕಿದಂಗ.
ನಾ ಎರಡೂ ಕೈ ಬೆನ್ನ ಹಿಂದ ಕಟ್ಟಿದೆ.

ಪಕ್ಕದಾಗ ಎದಿ ಬಡಿತದ ಗುರುತು, ಅದು ಏನ ಬಣ್ಣ?
ಹಳದಿ ಅನ್ನಬಹುದ್ರಿ.
ಅನ್ನಬಹುದು ಅಂದ್ರ? ಹಳದಿಯೋ, ಕೆಂಪೋ?
ಹಳದಿ ಆದ್ರ ನೆಗಡಿ,
ಕೆಂಪಾದ್ರ ನಾ ಈಗಿಂದೀಗ ಕಾರು ತಗೀಬೇಕು.

ಕೆಂಪು ಅಂದ್ರ ಯಾವ ಕೆಂಪು, ಸರ್?
ಹನ್ನೊಂದು ವರ್ಷದಾಕಿ ಇದ್ದಾಗಿಂದ ಅವ್ವನ ಜೋಡಿ ತುಂಬು ಬಿಡಿಸೀನಿ.
ಡಬ್ಬಿ ಕೆಂಪು ಬ್ಯಾರೆ, ಕಡ್ಡಿ ಕೆಂಪು ಬ್ಯಾರೆ,
ಇಬ್ಬನಿ ತಿಂದದ್ದು ಕರೀ ಕೆಂಪು,
ಕೋಲ್ಡ್ ಸ್ಟೋರೇಜಿಂದ ಬಂದದ್ದು ಹೊಸಾ ಸೀರಿಯಂಗ ಸುಳ್ಳು ಕೆಂಪು.
ಇದು ಯಾವುದೂ ಅಲ್ಲ.
ಬಿಳಿಗಾಯಿ ಅಂತೀವಲ್ಲ, ಗಿಡದಾಗ ಬಣ್ಣ ಬಿಟ್ಟದ್ದು,
ಆರಿಸೋರು ಬದಿಗಿ ಒಗೀತಾರ,
ಅದರ ತುದಿಗಿ ಒಂಚೂರು ಉಳದಿರತೈತಿ ನೋಡ್ರಿ,
ಅದು.
ಉಸಿರು ತಗೊಂಡಂಗ ಹತ್ತಿ ಆರಾಕತ್ತೈತಿ.

ಹುಬ್ಬಳ್ಳಿ ಸ್ವಲ್ಪ ಹೊತ್ತು ಸುಮ್ಮನಿತ್ತು.
ಅಂಬರ್, ಅಂದ್ರು. ಈಗ ಡಿಸ್ಕ್ ನೋಡ್ರಿ.

ಎಂಟು ಡಿಸ್ಕು, ಅಂಚೆ ಕಚೇರಿ ಖಾನೆಯಂಗ ಸಾಲಾಗಿ.
ಏಳರಾಗ ಹಸರು ಚಿಟಿಚಿಟಿ, ಒಗ್ಗರಣಿ ಸಾಸಿವಿ.
ಐದನೇದು,
ಅಲ್ಲಲ್ಲ, ಸೊನ್ನೆಯಿಂದ ಎಣಿಸಬೇಕಂತ, ನಾಲ್ಕನೇದು,
ಬಿಳಿಗಾಯಿ.
ಎಳೀಲೇನ್ರಿ?
ಬ್ಯಾಡ! ಅಂದ ದನಿಗೆ ಫೋನ ನಡಗಿತು.
ತಪ್ಪಿ ಬಾಜೂದು ಎಳದ್ರ ನಾಳೆ ಯಾರ ಚೀಲ ಯಾರದೋ.
ಬೆಳಿಗ್ಗೆ ನಮ್ಮ ಹುಡುಗ ಹೊಸಾದು ತರ್ತಾನ,
ಅವಗ ಪೆಟ್ಟಿಗಿ ಗುರುತು ಸಿಗಬೇಕು.
ಬಲಕ್ಕ ಸಣ್ಣ ಬಟನ್ ಐತಿ, ಅದೊಂದು ಒತ್ರಿ.

ಒತ್ತಿದೆ. ನೀಲಿ.
ಇದು ಯಾವ ರೋಗರಿ, ಸರ್?
ರೋಗ ಅಲ್ರಿ. ನಾ ಇಲ್ಲಿದ್ದೀನಿ ಅಂತ, ಅಷ್ಟ.
ಹಿಂದ ಹೋಗಿ ನೋಡ್ರಿ.

ಹೋದೆ. ವೈರಿನ ಜಡಿ, ಬಿಸಿ ಗಾಳಿ,
ಒಂದ ನಮೂನಿ ಹನ್ನೆರಡು ಬೆನ್ನು,
ಹೆಸರಿಲ್ಲ, ಮಾರಿ ಇಲ್ಲ.
ಒಂದ ಬೆನ್ನಿಗೆ ನೀಲಿ.
ಹಾಜರಿ ಕೂಗಿದಾಗ
ಹಿಂದಿನ ಸಾಲಿಂದ ಎದ್ದ ಕೈ.

ಏಳಕ್ಕ ಹುಡುಗ ಬಂದ, ಡಿಸ್ಕ್ ಬದಲಾತು, ಟೆಂಡರೂ ನಡೀತು,
ಡಬ್ಬಿಗೆ ರೇಟು ಬಂತೋ ಇಲ್ಲೋ ಕೇಳಲಿಲ್ಲ, ಕಣ್ಣು ತುಂಬ ನಿದ್ದಿ.
ನಾಕು ದಿನದ ಮ್ಯಾಲ ಸರ್ ಫೋನು, ಹಾಡಹಗಲ:
ಆ ನೀಲಿ ಇನ್ನೂ ಉರಿತೈತಿ, ಇಲ್ಲಿ ನನಗ ಕಾಣತೈತಿ,
ಯಾರನ್ನ ಹುಡಕಾಕತ್ತೀರಿ?

ಆರಿಸ್ತೀನ್ರಿ, ಅಂದೆ.
ಇನ್ನೂ ಆರಿಸಿಲ್ಲ.