ಮೂರು ಗರಿಯ ಕೋಳಿ

ಅಂಗಡಿಯ ಕಂದು ಕಾಗದದ ಚೀಲಗಳನ್ನು
ಆಗಸ್ಟಿನಿಂದ ಮಡಿಸಿ ಮಡಿಸಿ ಇಟ್ಟಿದ್ದೆ,
ಫ್ರಿಜ್ಜಿನ ಹಿಂದೆ, ಗೋಡೆಯ ಸಂದಿನಲ್ಲಿ.
ಬಣ್ಣದ ಹಾಳೆ ಕೊಳ್ಳುವ ವರ್ಷವಲ್ಲ ಇದು.
ಕತ್ತರಿಸಿದರೆ ಎಲೆ, ತಿರುಚಿದರೆ ಮರದ ಬೊಡ್ಡೆ,
ಇಸ್ತ್ರಿ ಆಡಿಸಿದರೆ ಮೇಜಿನ ಹಾಸು.
ಟಿಲ್ಡಾಳಿಗೆ ಆರು, ಆಸ್ಕರನಿಗೆ ನಾಲ್ಕು ತುಂಬಿ ಮೂರು ವಾರ,
ಗೋಂದಿನ ಡಬ್ಬಿ ಮಾತ್ರ ಇಬ್ಬರಿಗೂ ಒಂದೇ.

ಹೊರಗೆ ಸುಪೀರಿಯರ್ ಸರೋವರದ ಕಡೆಯಿಂದ
ಹಿಮ ಅಡ್ಡಡ್ಡ ಬೀಳುತ್ತಿತ್ತು.
ಪೈನ್ ಕಾಯಿಗಳನ್ನು ಒಲೆಯ ಬಳಿ ಹರವಿದ್ದೆವು;
ಕಾವು ತಾಕಿದಂತೆ ಒಂದೊಂದೇ ಟಿಕ್ಕೆಂದು ಬಿರಿದು
ಮೈಯುಬ್ಬಿಸಿ ನಿಂತವು, ಜಗಳಕ್ಕೆ ಬಂದ ಹುಂಜಗಳ ಹಾಗೆ.
ಕಣ್ಣಿಗೆ ನನ್ನ ಹಳೆಯ ಆಸ್ಪತ್ರೆ ಕೋಟಿನ ಗುಂಡಿ.
ಕೊಕ್ಕಿನ ಕೆಳಗೆ ಜೋಲುವ ಕೆಂಪಿಗೆ
ಆಸ್ಕರನ ಒಂಟಿ ಕಾಲುಚೀಲ.
(ಜೊತೆಯದು ನಾಳೆ ಸಿಗುತ್ತದೆ, ನನಗೆ ಗೊತ್ತು.)

ಸೂಜಿಗೆ ಎರಡು ಪಾಪ್‌ಕಾರ್ನ್, ಒಂದು ಕ್ರ್ಯಾನ್‌ಬೆರಿ,
ಎರಡು ಬಿಳಿ, ಒಂದು ಕೆಂಪು,
ಕೆಂಪು ಹುಳಿ, ಅದರ ಲೆಕ್ಕ ತಪ್ಪುವುದಿಲ್ಲ.
ಸೇಬಿನ ಹೋಳಿಗೆ ಕಡಲೆಕಾಯಿ ಬೆಣ್ಣೆ ಸವರಿ
ಒಣದ್ರಾಕ್ಷಿ ಕೂರಿಸಿದಳು ಟಿಲ್ಡಾ:
"ಇವರು ಹಡಗು ಹತ್ತಿ ಬಂದವರು."
ದಡದಲ್ಲಿ ಮೊದಲೇ ಇದ್ದವರೋ, ಎಂದೆ.
ಯೋಚಿಸಿದಳು. "ಅವರಿಗೆ ಇನ್ನೂ ದೊಡ್ಡ ಸೇಬು ಬೇಕು."
ಅಷ್ಟರಲ್ಲಿ ತಮ್ಮ ಹಡಗನ್ನೇ ನುಂಗಿದ್ದ.
ಕೈ ಅಂಟಾದರೆ ಬಾಯಿ ಜೇನು.

ಆಮೇಲೆ ಅಂಗೈ ಕೋಳಿ.
ಹಾಳೆಯ ಮೇಲೆ ಕೈಯೂರಿ ಸುತ್ತ ಪೆನ್ಸಿಲ್ ಓಡಿಸಬೇಕು,
ಹೆಬ್ಬೆರಳು ತಲೆ, ಉಳಿದ ನಾಲ್ಕು ಬಾಲದ ಗರಿ,
ಗರಿಗೊಂದು ಋಣ ಬರೆಯಬೇಕು:
ಅಜ್ಜಿ, ಬೆಕ್ಕು, ಬೂಟು, ಮೇಪಲ್ ಪಾಕ.
ಟಿಲ್ಡಾಳದು ಆಯಿತು.
ಆಸ್ಕರನದು ಅಲುಗಾಡಿ ಆಕ್ಟೋಪಸ್ ಆಯಿತು.
"ಅಪ್ಪನದು?"

ಆರ್ವಿಡ್ ಕಿಟಕಿಯ ಬಳಿ ನಿಂತಿದ್ದ,
ಎಡಗೈ ಸ್ವೆಟರಿನ ಜೇಬಿನೊಳಗೆ.
ಆಗಸ್ಟಿನಲ್ಲಿ ಮರದ ಮಿಲ್ಲಿನ ಗರಗಸ
ಉಂಗುರದ ಬೆರಳನ್ನು ಇಟ್ಟುಕೊಂಡಿತು;
ಉಂಗುರವನ್ನು ಮಿಲ್ಲಿನವರು ಲಕೋಟೆಯಲ್ಲಿ ಹಾಕಿ ಕಳಿಸಿದರು.
ಪರಿಹಾರದ ಹಣ ಅಷ್ಟು ಚುರುಕಿನದಲ್ಲ.
ಹೋದ ವರ್ಷದ ಅವನ ಕೋಳಿಯನ್ನು
ಫ್ರಿಜ್ಜಿನ ಬಾಗಿಲಿಂದ ತೆಗೆದು
ಟವೆಲುಗಳ ಅಡಿ ಬಚ್ಚಿಟ್ಟವಳು ನಾನೇ.

"ಬಲಗೈ ಸಾಕಲ್ಲವಾ?" ಅಂದ.
"ಬಲಗೈ ಇಟ್ಟರೆ ಕೋಳಿ ಹಿಂದೆ ತಿರುಗಿ ನೋಡುತ್ತೆ,"
ಅಂದಳು, ಪೆನ್ಸಿಲಿನ ಮೊನೆ ಊದುತ್ತ.
ಗಡಿಯಾರ ಒಂದೇ ಸದ್ದು ಮಾಡುತ್ತಿತ್ತು.
ಅವನು ಬಂದು ಕೂತ. ಜೇಬಿನಿಂದ ಕೈ ತೆಗೆದ,
ಚಳಿಗೆ ತಂದ ಮರಿಯನ್ನು ಕೆಳಗಿಡುವವನಂತೆ ಇಟ್ಟ.

ಹೆಬ್ಬೆರಳು. ತೋರು. ನಡು.
ಆ ಮೊಂಡಿನ ಬಳಿ ಪೆನ್ಸಿಲ್ ನಿಧಾನಿಸಿತು,
ಗುಡ್ಡ ಬಳಸುವ ಬಸ್ಸಿನಂತೆ ಬಳಸಿತು.
"ಕಚಗುಳಿಯಾಗುತ್ತಾ?"
"ಅಲ್ಲಿ ಇಲ್ಲ. ಅದರ ಮೇಲೆ, ಗಾಳಿಯಲ್ಲಿ, ಸ್ವಲ್ಪ."
ಅವಳು ಗಾಳಿಯಲ್ಲೂ ಒಂದು ಗೆರೆ ಎಳೆದಳು.

ಐದು ಬೆರಳೂ ಸಮವಲ್ಲ ಎನ್ನುವವರು
ನಾಲ್ಕರ ಮಾತು ಹೇಳಿಲ್ಲ.
ಆಸ್ಕರ್ ಹಾಳೆಯನ್ನು ಮೂಗಿಗೆ ಹಿಡಿದು ನೋಡಿದ:
"ಈ ಕೋಳಿ ನರಿಯ ಬಾಯಿಗೆ ಗರಿ ಕೊಟ್ಟು ಓಡಿಬಂದಿದೆ.
ಇದನ್ನು ನಾವು ತಿನ್ನೋದಿಲ್ಲ."
ಆರ್ವಿಡ್ ನಕ್ಕನೋ ಕೆಮ್ಮಿದನೋ,
ಎದ್ದು ಹೋಗಿ ಸೌದೆ ತಂದ; ಬೇಕಿರಲಿಲ್ಲ.

ರಾತ್ರಿ ಕುಂಬಳದ ಪೈಗೆ ಹಿಟ್ಟು ಲಟ್ಟಿಸಿದೆ.
ಅಂಚು ಒತ್ತುವುದು ಎಂದೂ ಅವನ ಕೆಲಸ,
ನಾಲ್ಕು ಬೆರಳೂ ಒಟ್ಟಿಗೆ, ತಟ್ಟೆ ತಿರುಗಿಸುತ್ತ.
ಈಗ ಒತ್ತಿದಲ್ಲೆಲ್ಲ ಎರಡು ಕುಳಿ, ಒಂದು ಬಯಲು, ಒಂದು ಕುಳಿ.
ನಾನು ಫೋರ್ಕು ತೆಗೆದುಕೊಳ್ಳುವಷ್ಟರಲ್ಲಿ
ಆಸ್ಕರ್ ಸ್ಟೂಲು ಹತ್ತಿ
ಬಯಲು ಸಿಕ್ಕಲ್ಲೆಲ್ಲ ತನ್ನ ಬೆರಳು ಚುಚ್ಚುತ್ತ ಬಂದ,
ಪ್ರತಿ ಸಲವೂ ನೆಕ್ಕಿ.